ಷಡ್ಡಕನ ಬೆನ್ನು

ಅಷ್ಟು ಅಗಲವಾದ ಬೆನ್ನನ್ನು ನಾನು ಬೇರೆ ಯಾವ ಮನುಷ್ಯನಲ್ಲೂ ಕಂಡಿಲ್ಲ. ಗಿಳಿಹಸಿರು ಬಣ್ಣದ ಸೈಕಲ್ ಬನಿಯನ್ನಿನೊಳಗೆ ಅದನ್ನು ತುರುಕಿದಾಗ ನಡುವಿನ ಹೊಲಿಗೆ ಎರಡೂ ಕಡೆ ಜಗ್ಗಿ, ಬಿಳಿ ದಾರ ಹಲ್ಲು ಕಿರಿಯುತ್ತಿತ್ತು. ಬನಿಯನ್ನು ಮೇಲೇರಿ ಚಡ್ಡಿ ಕೆಳಗಿಳಿದ ಜಾಗದಲ್ಲಿ ನಾಲ್ಕು ಬೆರಳಿನಷ್ಟು ಮೈ ಸದಾ ಊರಿನ ಪ್ರದರ್ಶನಕ್ಕಿರುತ್ತಿತ್ತು. ಹಿಂದಿನ ಮೂರು ಕಿಸೆಗಳಲ್ಲಿ ಒಂದರಲ್ಲಿ ಶೇಂಗಾ ಚಿಕ್ಕಿ, ಒಂದರಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಒದ್ದೆ ಕರವಸ್ತ್ರ. ಆ ಬೆನ್ನನ್ನು ನಾನು ಒಂದು ದಿನ ಸುಮಾರು ನಾಲ್ಕು ತಾಸು, ಒಂದು ಮೊಳದ ಅಂತರದಿಂದ, ಬೇರೆ ಏನನ್ನೂ ನೋಡದೆ ನೋಡಿದ್ದೇನೆ. ಆದ್ದರಿಂದ ಅದರ ಬಗ್ಗೆ ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೆಂಡತಿಯನ್ನು ನೋಡಿ ಒಪ್ಪುತ್ತೇವೆ, ಮಾವನ ಮನೆತನವನ್ನು ವಿಚಾರಿಸಿ ಒಪ್ಪುತ್ತೇವೆ. ಷಡ್ಡಕನನ್ನು ತರುವಾಗ ಮಾತ್ರ ನಮ್ಮನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ನನ್ನ ಮದುವೆಯಾದ ಆರು ವರ್ಷದ ಮೇಲೆ ಹುಬ್ಬಳ್ಳಿಯ ಕಮರಿಪೇಟೆಯ ಗೋಣಿಚೀಲದ ವ್ಯಾಪಾರಿಯೊಬ್ಬ ನಮ್ಮ ಬೀಗರ ಸಾಲಿಗೆ ಬಂದು ಕುಳಿತ. ನಾನು ಧಾರವಾಡದ ಪದವಿ ಕಾಲೇಜೊಂದರಲ್ಲಿ ಭೂಗೋಳದ ಅಧ್ಯಾಪಕ. ಕೆಲಗೇರಿ ಕೆರೆಯ ಹತ್ತಿರ ಸ್ವಂತ ಮನೆ, ಮನೆಯಲ್ಲಿ ಎರಡು ಕಪಾಟು ಪುಸ್ತಕ. ಅವನು ಮೊದಲ ದಿನವೇ ನನ್ನನ್ನು "ಮಾಸ್ತರ್ರ" ಎಂದು ಕರೆದ. ಪ್ರಾಧ್ಯಾಪಕ ಎಂದು ಎರಡು ಸಲ ತಿದ್ದಿ ಹೇಳಿದೆ. "ಹೌದ್ರಿ ಮಾಸ್ತರ್ರ" ಎಂದ. ಅಲ್ಲಿಗೆ ನಾನು ಕೈಬಿಟ್ಟೆ.

ಹುಬ್ಬಳ್ಳಿಯವರ ಬಗ್ಗೆ ಧಾರವಾಡದವರಿಗೆ ಒಂದು ಅಭಿಪ್ರಾಯವಿದೆ. ಸಭ್ಯತೆಯಿಂದ ನಾವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಷಡ್ಡಕ ಆ ಅಭಿಪ್ರಾಯಕ್ಕೇ ಕೈಕಾಲು ಮೂಡಿದಂತಿದ್ದ. ಅವನು ಪಡಸಾಲೆಯಲ್ಲಿ ಕುಳಿತು ಫೋನಿನಲ್ಲಿ ಮಾತಾಡಿದರೆ ಕೆರೆಯ ದಂಡೆಯಲ್ಲಿ ತಿರುಗಾಡುವವರು ತಲೆಯೆತ್ತಿ ನೋಡುತ್ತಿದ್ದರು. ಯಾವ ಬಟ್ಟೆ ಕಂಡರೂ ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡುವ ಚಟ. ನಮ್ಮ ಕಿಟಕಿಯ ಪರದೆ, ಹಾಸಿಗೆಯ ಚಾದರ, ನಾನು ತೊಟ್ಟಿದ್ದ ಅಂಗಿಯ ತೋಳು, ಯಾವುದನ್ನೂ ಬಿಟ್ಟವನಲ್ಲ. ಬೆಳಕಿಗೆ ಹಿಡಿದು ನೋಡಿ "ಹೆಣಿಗಿ ಸಡ್ಲ ಐತ್ರಿ" ಎಂದು ತೀರ್ಪು ಕೊಡುತ್ತಿದ್ದ. ಊಟಕ್ಕೆ ಕುಳಿತರೆ ಏಳುವ ಗಡಿಬಿಡಿ ಇರುತ್ತಿರಲಿಲ್ಲ. ಐದನೆಯ ರೊಟ್ಟಿಗೆ ಕೈ ಚಾಚುವಾಗ, ಯಾರೂ ಕೇಳದಿದ್ದರೂ, "ಚೀಲ ತುಂಬಿದ ಮ್ಯಾಲ ನಿಂದರತೈತಿ" ಎನ್ನುತ್ತಿದ್ದ. ಇದು ಅವನ ಜೀವನದರ್ಶನ. ತುಂಬಿದ ಚೀಲವನ್ನು ಎತ್ತಲು ಇಬ್ಬರು ಹಮಾಲರು ಬೇಕಾಗುತ್ತದೆ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ನಿಲ್ಲುತ್ತಿತ್ತು.

ಇಂಥ ಮನುಷ್ಯ ನಲವತ್ತೈದು ದಾಟಿದ ಮೇಲೆ ಸೈಕಲ್ ಹತ್ತಿದ. ಹುಬ್ಬಳ್ಳಿಯಲ್ಲಿ ದೂರದ ಸವಾರಿ ಮಾಡುವವರ ಒಂದು ಗುಂಪಿದೆ. ಹಲ್ಲಿನ ಡಾಕ್ಟರರು, ಕಟ್ಟಡ ಕಟ್ಟಿಸುವವರು, ಔಷಧದ ಏಜೆನ್ಸಿಯವರು. ಪಕ್ಕದ ಓಣಿಯ ಹಾಲಿನಂಗಡಿಗೆ ಕಾರು ತೆಗೆಯುವ ಈ ಮಹನೀಯರು ಭಾನುವಾರ ಬಿಗಿ ಚಡ್ಡಿ ಹಾಕಿಕೊಂಡು ಗದಗಿನವರೆಗೆ ತುಳಿದು, ಅಲ್ಲಿ ಗಿರಮಿಟ್ಟು ತಿಂದು, ಗಿರಮಿಟ್ಟಿನ ಫೋಟೋ ಊರಿಗೆಲ್ಲ ಕಳಿಸುತ್ತಾರೆ. ಮೊದಲು ಮೈ ಬೆಳೆಸುವುದಕ್ಕೆ ಖರ್ಚು, ಆಮೇಲೆ ಕರಗಿಸುವುದಕ್ಕೆ ಖರ್ಚು. ನಮ್ಮ ಷಡ್ಡಕ ಆ ಗುಂಪಿಗೆ ಸೇರಿದ ಸುದ್ದಿ ಬಂದಾಗ ನಾನು ನಕ್ಕಿದ್ದು ಇನ್ನೂ ನೆನಪಿದೆ. ಸೈಕಲ್ಲಿನ ಬಗ್ಗೆ ಕನಿಕರವೂ ಆಯಿತು.

ಆದರೆ ನಗುವವನ ಮನೆಗೇ ಕಾಯಿಲೆ ಬರುತ್ತದೆ. ಒಂದು ವರ್ಷದೊಳಗೆ ನನಗೆ ಸಕ್ಕರೆ ರೋಗ ಕಾಣಿಸಿಕೊಂಡಿತು. ಡಾಕ್ಟರು ದಿನಾ ಬೆವರು ಹರಿಯಬೇಕು ಎಂದರು. ಮನೆಗೆ ಬಂದ ಮೇಲೆ ಹೆಂಡತಿ ಮೆಲ್ಲಗೆ, ತಂಗಿಯ ಗಂಡ ಅಷ್ಟು ದಪ್ಪಗಿದ್ದೂ ಸೈಕಲ್ ಹೊಡೆಯುತ್ತಾರಲ್ಲ ಎಂದಳು. ನನ್ನ ಹೆಂಡತಿಯದು ಮಾತು ಕಡಿಮೆ, ನಗು ಇನ್ನೂ ಕಡಿಮೆ. ಅದನ್ನು ನಾನು ಸಂಸ್ಕಾರವೆಂದು ತಿಳಿದು ಇಪ್ಪತ್ತು ವರ್ಷ ಸಮಾಧಾನದಿಂದಿದ್ದೆ. ಅವಳ ಆ ಒಂದು ಮಾತು ನನಗೆ ನಾಟಿತು. ಮರುವಾರವೇ ಒಳ್ಳೆಯ ಜಾತಿಯ ಹಳೆಯ ಸೈಕಲ್ಲೊಂದನ್ನು ಕೊಂಡೆ. ಆರೋಗ್ಯಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ. ನಿಜವಾದ ಕಾರಣ, ಅವನಿಂದ ಆಗುವುದು ನನ್ನಿಂದ ಆಗದಿರಬಾರದು ಎನ್ನುವುದಷ್ಟೇ.

ಆ ಗುಂಪು ಮಳೆಗಾಲದಲ್ಲಿ ಇನ್ನೂರು ಕಿಲೋಮೀಟರಿನ ಸವಾರಿಯೊಂದನ್ನು ನಡೆಸುತ್ತದೆ. ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿಯ ವಿದ್ಯಾನಗರದಿಂದ ಹೊರಟು, ಅಣ್ಣಿಗೇರಿ, ಗದಗ ದಾಟಿ ಮುಂಡರಗಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ಹದಿಮೂರೂವರೆ ತಾಸಿನ ಗಡುವು. ಅಂದರೆ ಸಂಜೆ ಏಳೂವರೆಗೆ ವಿದ್ಯಾನಗರ ಮುಟ್ಟಬೇಕು. ಕೈಯಲ್ಲೊಂದು ರಟ್ಟಿನ ಕಾರ್ಡು ಕೊಡುತ್ತಾರೆ. ದಾರಿಯ ಠಾಣ್ಯಗಳಲ್ಲಿ ಅದಕ್ಕೆ ಮುದ್ರೆ ಬೀಳಬೇಕು. ಒಂದು ನಿಮಿಷ ತಡವಾದರೂ ಆ ಕಾರ್ಡು ರದ್ದಿ. ಸರಿಯಾಗಿ ಮುಗಿಸಿದವನಿಗೆ ಹೆಸರು ಬರೆದ ಒಂದು ಪದಕ. ಅದನ್ನು ಕೊರಳಿಗೆ ಹಾಕಿಕೊಂಡು ಹಲ್ಲಿನ ಡಾಕ್ಟರರು ವಾರಗಟ್ಟಲೆ ಬೀಗುತ್ತಾರೆ.

ಷಡ್ಡಕ ಎರಡು ವರ್ಷ ಪ್ರಯತ್ನಿಸಿ ಎರಡು ವರ್ಷವೂ ತಪ್ಪಿದ್ದ. ಮೊದಲ ಸಲ ನಲವತ್ತು ನಿಮಿಷ, ಎರಡನೆಯ ಸಲ ಇಪ್ಪತ್ತೆರಡು ನಿಮಿಷ. ಮರ್ಯಾದಸ್ಥರು ಇಂಥದನ್ನು ಮುಚ್ಚಿಡುತ್ತಾರೆ. ಇವನು ಮದುವೆ ಮನೆಗಳಲ್ಲಿ ನಿಮಿಷ ಸಮೇತ ಹೇಳಿಕೊಂಡು ತಿರುಗುತ್ತಿದ್ದ. ಇಪ್ಪತ್ತೆರಡಕ್ಕೆ ಇಳಿದಿದೆ, ಮುಂದಿನ ಸಲ ಸೊನ್ನೆ ಎಂಬುದು ಅವನ ಲೆಕ್ಕ. ಮೂರನೆಯ ಸಲಕ್ಕೆ ನಾನೂ ಹೆಸರು ಕೊಟ್ಟೆ ಎಂದು ತಿಳಿದು ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮನೆಗೆ ಬಂದು ಊಟದ ತಟ್ಟೆಯ ಸುತ್ತ ಶೇಂಗಾ ಬೀಜಗಳನ್ನು ಸಾಲಾಗಿ ಜೋಡಿಸಿ ನನಗೆ ಗಾಳಿಯ ಪಾಠ ಹೇಳಿದ.

"ಎದರಗಾಳಿ ಇದ್ದಾಗ ಒಬ್ಬಾಂವ ಮುಂದ ನಿಂತು ಗಾಳಿ ಹಿಡೀಬೇಕ್ರಿ ಮಾಸ್ತರ್ರ. ಹಿಂದಿನಾಂವ ಅವನ ಬೆನ್ನಿಗೆ ಅಂಟಿ ಬಂದ್ರ ಅರ್ಧಾ ತ್ರಾಸ ಕಡಿಮಿ. ಆಮ್ಯಾಲ ಹಿಂದಿನಾಂವ ಮುಂದ ಬರಬೇಕು. ಪಾಳಿ ತಪ್ಪಸಬಾರದು. ಇಷ್ಟ ಮಾಡಿದ್ರ ಎಂಥಾ ಕುಂಟನೂ ಊರ ಮುಟ್ಟತಾನ."

ಮೂವತ್ತು ವರ್ಷ ಮಾನ್ಸೂನ್ ಮಾರುತ ಬೋಧಿಸಿದವನಿಗೆ ಗೋಣಿಚೀಲದವನಿಂದ ಗಾಳಿಯ ಪಾಠ. ನಾನು ವಾಯುಭಾರದ ಬಗ್ಗೆ ಎರಡು ಮಾತು ಹೇಳಿ ಅವನ ಬಾಯಿ ಮುಚ್ಚಿಸಿದೆ. ಅವನು ಶೇಂಗಾ ಬೀಜಗಳನ್ನು ಒಂದೊಂದಾಗಿ ತಿಂದು ಮುಗಿಸಿದ.

ಸವಾರಿಯ ಹಿಂದಿನ ದಿನ ನನಗೆ ಇನ್ನೊಂದು ಸಂಗತಿ ತಿಳಿಯಿತು. ಅವನು ತನ್ನ ಮಾಲೆಯನ್ನು ತಾನೇ ಹೇಳಿಟ್ಟಿದ್ದ. ಸುಗಂಧರಾಜದ ಮಾಲೆ, ಎದೆಯ ಕೆಳಗೆ ಇಳಿಯುವಷ್ಟು ಉದ್ದದ್ದು. ಏಳು ಗಂಟೆಗೆ ಎರಡೂ ಮನೆಯವರು ಆ ಮಾಲೆ ಹಿಡಿದು ವಿದ್ಯಾನಗರದಲ್ಲಿ ನಿಲ್ಲಬೇಕು, ಅಲ್ಲಿಂದ ಕಮರಿಪೇಟೆಯಲ್ಲಿ ಹೋಳಿಗೆ ಊಟ. ಹೋಳಿಗೆಯ ಹೂರಣ ರುಬ್ಬಿ ಆಗಿತ್ತು. ತನ್ನ ಸನ್ಮಾನವನ್ನು ತಾನೇ ಏರ್ಪಡಿಸಿಕೊಳ್ಳುವ ಜನರನ್ನು ಕೇಳಿ ಬಲ್ಲೆ, ಸಂಬಂಧಿಕನಾಗಿ ಪಡೆದದ್ದು ಅದೇ ಮೊದಲು. ಆದರೆ ಇದನ್ನು ಅವನ ಹೆಂಡತಿ ಹೇಳಿದಾಗ ಅವಳ ಮುಖದಲ್ಲಿ ನಗುವಿರಲಿಲ್ಲ. ಈ ಸಲವೂ ತಪ್ಪಿದರೆ ಅವರು ಮನಸ್ಸಿಗೆ ಬಹಳ ಹಚ್ಚಿಕೊಳ್ಳುತ್ತಾರೆ, ಹೋದ ಸಲ ಎರಡು ದಿನ ಅಂಗಡಿಗೆ ಹೋಗಲಿಲ್ಲ ಎಂದಳು.

ಬೆಳಿಗ್ಗೆ ಆರಕ್ಕೆ ಮೋಡ ಮುಸುಕಿದ ವಿದ್ಯಾನಗರದಿಂದ ಇಪ್ಪತ್ತು ಚಿಲ್ಲರೆ ಜನ ಹೊರಟೆವು. ಶಿರಗುಪ್ಪಿ ಬರುವ ಮೊದಲೇ ನಾನು ಷಡ್ಡಕನನ್ನು ಹಿಂದೆ ಹಾಕಿದೆ. ಕೈ ಕೂಡ ಬೀಸಲಿಲ್ಲ. ಹಲ್ಲಿನ ಡಾಕ್ಟರರ ಸಾಲಿನಲ್ಲಿ ಸೇರಿಕೊಂಡೆ. ಸೈಕಲ್ಲು ತಾನೇ ಓಡುತ್ತಿತ್ತು. ಎರಡೂ ಕಡೆ ಹೆಸರಿನ ಹೊಲ, ಗೋವಿನಜೋಳದ ಹೊಲ, ನಡುವೆ ನಾನು ಇಪ್ಪತ್ತೈದರ ಹುಡುಗನ ಹಾಗೆ ತುಳಿಯುತ್ತಿದ್ದೆ. ಗದಗಿನಲ್ಲಿ ಮುದ್ರೆ ಹಾಕಿದವರು ಸಮಯ ನೋಡಿ ಹುಬ್ಬೇರಿಸಿದರು. ಗದಗ ದಾಟಿದ ಮೇಲೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳೆಲ್ಲ ಪಡುವಣಕ್ಕೆ ಮುಖ ಮಾಡಿ ಗರಗರ ತಿರುಗುತ್ತಿದ್ದುದನ್ನು ನೋಡಿದೆ. ಪಕ್ಕದ ಡಾಕ್ಟರರಿಗೆ ಅವುಗಳ ಬಗ್ಗೆ ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಆ ಯಂತ್ರಗಳನ್ನು ತಿರುಗಿಸುವ ಗಾಳಿಯೇ ನನ್ನ ಬೆನ್ನನ್ನೂ ನೂಕುತ್ತಿದೆ, ಮರಳುವಾಗ ಅದು ನನ್ನ ಎದೆಗೆ ಕೈ ಕೊಟ್ಟು ತಡೆಯುತ್ತದೆ ಎಂಬುದು ಹೊಳೆಯಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಕಪ್ಪುಹಲಗೆಯ ಮೇಲೆ ನೈಋತ್ಯದಿಂದ ಬಾಣದ ಗುರುತು ಬರೆಯುವವನು ನಾನು. ಅಂದು ಅದನ್ನು ನನ್ನ ತೊಡೆಯ ಬಲವೆಂದು ತಿಳಿದೆ. ಇಂಥ ದಡ್ಡತನಕ್ಕೆ ಕನಿಷ್ಠ ಎಂ.ಎ. ಬೇಕು.

ಮುಂಡರಗಿಯಲ್ಲಿ ಮುದ್ರೆ ಹಾಕಿಸಿ ಸೈಕಲ್ ತಿರುಗಿಸಿದೆ. ಗೋಡೆಗೆ ಹಾಯ್ದಂತಾಯಿತು. ಡಾಕ್ಟರರು ಸಾಲು ಕಟ್ಟಿದರು, ನಾನು ತುದಿಗೆ ಅಂಟಿಕೊಂಡೆ. ಡಂಬಳ ಬರುವುದರೊಳಗೆ ಮೊದಲು ಒಂದು ಮಾರು, ಆಮೇಲೆ ಹತ್ತು ಮಾರು ಹಿಂದೆ ಬಿದ್ದೆ. ಅವರಲ್ಲೊಬ್ಬ ತಿರುಗಿ ನೋಡಿ, ಅಂಕಲ್, ಆರಾಮಾಗಿ ಬನ್ನಿ ಎಂದ. ಹಾಗೆಂದು ಅವರೆಲ್ಲ ಹೋದರು. ಬಣ್ಣಬಣ್ಣದ ಆ ಸಾಲು ರಸ್ತೆಯ ತಿರುವಿನಲ್ಲಿ ಮಾಯವಾಯಿತು. ನಾನು ಉಳ್ಳಾಗಡ್ಡಿ ಹೊಲದ ಬದಿಯ ಮೋರಿಯ ಕಟ್ಟೆಯ ಮೇಲೆ ಕುಳಿತೆ. ತೊಡೆ ನಡುಗುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹೆಂಡತಿಗೆ ಫೋನ್ ಮಾಡಿ ಕಾರು ತರಿಸಬೇಕೆಂದು ಯೋಚಿಸುತ್ತಿದ್ದಾಗ ದೂರದಲ್ಲಿ ಗಿಳಿಹಸಿರು ಕಾಣಿಸಿತು.

ಅವನು ಬೆಳಿಗ್ಗೆಯಿಂದ ಒಂದೇ ಹದದಲ್ಲಿ ತುಳಿದುಕೊಂಡು ಬಂದಿದ್ದ. ಇಳಿದು, ನನ್ನ ಮುಖ ನೋಡಿ, ಏನಾಯಿತು ಎಂದು ಕೇಳದೆ ಚಿಕ್ಕಿ ಮುರಿದು ಕೈಗಿಟ್ಟ. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಬೆವರು ಹೀರುವ ಬಟ್ಟೆಯಲ್ಲ ಎಂದೂ ಹೇಳಿದ. ಆಮೇಲೆ ಸೈಕಲ್ಲಿನ ಹಿಡಿಕೆಗೆ ಕಟ್ಟಿದ್ದ ಕೈಗಡಿಯಾರ ನೋಡಿದ.

"ಟೈಮ್ ಐತಿ. ನನ್ನ ಬೆನ್ನಿಗೆ ಬರ್ರಿ. ಮ್ಯಾಲ ನೋಡಬ್ಯಾಡ್ರಿ, ಕೆಳಗ ನೋಡಬ್ಯಾಡ್ರಿ. ನನ್ನ ಬೆನ್ನ ನೋಡ್ರಿ."

ಆ ಬೆನ್ನಿನ ಹಿಂದೆ ಸೇರಿದ ಕೂಡಲೇ ಗಾಳಿ ನಿಂತುಹೋಯಿತು. ಕಿವಿಯೊಳಗಿನ ಭೋರೆಂಬ ಸದ್ದು ಅಡಗಿ ಅವನ ಸರಪಳಿಯ ಕಿರಿಕಿರಿ ಕೇಳಿಸತೊಡಗಿತು. ಡಾಕ್ಟರರ ಸಾಲಿನಲ್ಲಿ ಸಿಗದ ನೆರಳು ಈ ಒಬ್ಬನ ಹಿಂದೆ ಸಿಕ್ಕಿತು. ಕಡ್ಡಿಯಂಥವರ ಹಿಂದೆ ಗಾಳಿ ತಪ್ಪಿಸಿಕೊಳ್ಳಲು ಎಲ್ಲಿ ಸಾಧ್ಯ? ಇದನ್ನು ನಾನು ಕೃತಜ್ಞತೆಯಿಂದ ನೆನೆದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಬೆವರಿನ ವಾಸನೆ, ನೋವಿನ ಮುಲಾಮಿನ ವಾಸನೆ, ನಾಲ್ಕು ಬೆರಳು ಬೆತ್ತಲೆ ಮೈ, ಇವುಗಳ ಹಿಂದೆ ಮುಖವಿಟ್ಟು ಹೋಗಬೇಕಾಯಿತಲ್ಲ ಎಂದು ಉರಿದುಕೊಳ್ಳುತ್ತಲೇ ತುಳಿದೆ. ಅವನು ಭಜನೆಯ ಪದವೊಂದನ್ನು ರಾಗವಿಲ್ಲದೆ ಹಾಡುತ್ತಿದ್ದ. ಎದುರು ಬಂದ ಟ್ರ್ಯಾಕ್ಟರಿನವರಿಗೆಲ್ಲ ಕೈ ಎತ್ತುತ್ತಿದ್ದ.

ಗದಗಿನಲ್ಲಿ ಮುದ್ರೆಯಾಯಿತು. ಇನ್ನು ಅರವತ್ತು ಕಿಲೋಮೀಟರು. ಅಣ್ಣಿಗೇರಿಯಲ್ಲಿ ಅವನ ಗಿರಾಕಿಗಳು ಚಹಾದ ಅಂಗಡಿಯಿಂದ ಕೂಗಿದರು. ಕರೆದಲ್ಲೆಲ್ಲ ನಿಂತು ಹರಟುವ ಮನುಷ್ಯ, ಅಂದು ಹಿಡಿಕೆಯ ಗಡಿಯಾರ ತೋರಿಸಿ ನಿಲ್ಲದೆ ಮುಂದೆ ಹೋದ. ಊರು ಬಂದಾಗಲೆಲ್ಲ ಸಮಯವನ್ನು ಗಟ್ಟಿಯಾಗಿ ಹೇಳುತ್ತಿದ್ದ, ನನಗಲ್ಲ, ತನಗೆ. ಪಾಳಿಯ ಪ್ರಕಾರ ನಾನೊಮ್ಮೆ ಮುಂದೆ ಬಂದೆ. ಒಂದು ಕಿಲೋಮೀಟರಿನೊಳಗೆ ವೇಗ ಅರ್ಧಕ್ಕಿಳಿಯಿತು. ಅವನು ಮತ್ತೆ ಮುಂದೆ ಹೋದ. ಆಮೇಲೆ ಪಾಳಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶಿರಗುಪ್ಪಿ ದಾಟಿದ ಮೇಲೆ ಅವನ ಹಾಡು ನಿಂತಿತು. ಮುಳುಗುವ ಸೂರ್ಯ ಮೋಡದಡಿಯಿಂದ ನೇರ ಕಣ್ಣಿಗೆ ಹೊಡೆಯುತ್ತಿದ್ದ. ಆ ಬೆನ್ನು ಎಡಕ್ಕೂ ಬಲಕ್ಕೂ ವಾಲತೊಡಗಿತು. ನನಗೋ ನಾಲ್ಕು ತಾಸು ಅವನ ಮರೆಯಲ್ಲಿ ಬಂದು ಕಾಲಿಗೆ ಜೀವ ಬಂದಿತ್ತು. ಹುಬ್ಬಳ್ಳಿ ಇನ್ನೇನು ಹತ್ತು ಕಿಲೋಮೀಟರು ಇರುವಾಗ ಅವನು ತಿರುಗಿ ನೋಡಿದ. ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು.

"ಮಾಸ್ತರ್ರ, ಒಂದೀಟ ಮುಂದ ಬರ್ರಿ. ನನ್ನ ಕಾಲ ಕಟ್ಟ್ಯಾವು. ಊರ ಬರೂತನಕ ಗಾಳಿ ಹಿಡೀರಿ, ಅಷ್ಟ ಸಾಕು."

ನಾನು ಮುಂದೆ ಬಂದೆ. ಎರಡು ನಿಮಿಷ ಅವನ ಹದದಲ್ಲೇ ತುಳಿದೆ. ಆಮೇಲೆ ಗಡಿಯಾರ ನೋಡಿದೆ. ಈ ವೇಗದಲ್ಲಿ ಹೋದರೆ ಇಬ್ಬರೂ ಗಡುವಿಗೆ ಸರಿಯಾಗಿ, ಒಂದೆರಡು ನಿಮಿಷ ಉಳಿಸಿಕೊಂಡು ಮುಟ್ಟಬಹುದಿತ್ತು. ಮುಟ್ಟದೆಯೂ ಇರಬಹುದಿತ್ತು. ನಾನೊಬ್ಬನೇ ಹೋದರೆ ಖಂಡಿತ ಮುಟ್ಟುತ್ತಿದ್ದೆ. ಆ ಕ್ಷಣದಲ್ಲಿ ನನ್ನೊಳಗೆ ಬಹಳ ಜಗಳವೇನೂ ನಡೆಯಲಿಲ್ಲ. ಇಷ್ಟು ದಪ್ಪ ಮೈ ಇಟ್ಟುಕೊಂಡು ಯಾರು ಬಾ ಎಂದಿದ್ದರು ಇವನಿಗೆ, ಎಂದಷ್ಟೇ ಯೋಚಿಸಿದ ನೆನಪು. ಕಾಲು ಒತ್ತಿದೆ. ಹಿಂದಿನಿಂದ ಒಂದು ಸಲ "ಮಾಸ್ತರ್ರ" ಎಂಬ ಕೂಗು ಬಂತು. ಎದುರುಗಾಳಿಯಲ್ಲಿ ಹಿಂದಿನ ಕೂಗು ಕೇಳಿಸುವುದಿಲ್ಲ ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ನನಗೆ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಗಡುವಿಗೆ ಆರು ನಿಮಿಷ ಇರುವಾಗ ವಿದ್ಯಾನಗರ ಮುಟ್ಟಿದೆ. ಚಪ್ಪಾಳೆ ಬಿತ್ತು. ಎರಡೂ ಮನೆಯವರು ಅಲ್ಲಿದ್ದರು. ಸಂಘಟಕರಲ್ಲೊಬ್ಬರು, ಮಾಲೆ ತಂದಿದ್ದೀರಲ್ಲ, ಹಾಕಿರಿ ಎಂದರು. ನಾದಿನಿ ರಸ್ತೆಯ ಕಡೆ ಒಮ್ಮೆ ನೋಡಿ, ಮಾಲೆಯನ್ನು ತನ್ನ ಅಕ್ಕನ ಕೈಗೆ ಕೊಟ್ಟಳು. ನನ್ನ ಹೆಂಡತಿ ಅದನ್ನು ನನ್ನ ಕೊರಳಿಗೆ ಹಾಕಿದಳು. ಫೋಟೋ ತೆಗೆದರು. ಅವರು ಎಲ್ಲಿ ಎಂದು ನಾದಿನಿ ಕೇಳಿದಳು. ಬರುತ್ತಿದ್ದಾನೆ, ಸ್ವಲ್ಪ ಹಿಂದೆ ಇದ್ದಾನೆ ಎಂದೆ. ಹಾಗೆ ಹೇಳುವಾಗ ನನ್ನ ದನಿ ಬಹಳ ಸಹಜವಾಗಿತ್ತು.

ಅವನು ಬಂದದ್ದು ಗಡುವು ಮುಗಿದು ಹನ್ನೊಂದು ನಿಮಿಷಕ್ಕೆ. ಕಾರ್ಡು ತೆಗೆದುಕೊಳ್ಳುವವರು ಪಾಪ, ಕೈಯನ್ನೂ ಚಾಚಲಿಲ್ಲ. ಅವನು ಸೈಕಲ್ಲನ್ನು ಗೇಟಿಗೆ ಒರಗಿಸಿ, ಕಾಲು ಎಳೆಯುತ್ತ ಬಂದು ನಿಂತ. ನನ್ನ ಮುಖ ನೋಡಿದ, ತನ್ನ ಮಾಲೆ ನೋಡಿದ, ನನ್ನ ಪಕ್ಕಕ್ಕೆ ನೋಡಿದ. ಈಗ ಬೈಗಳು ಬರುತ್ತವೆ ಎಂದು ನಾನು ಕಾದೆ. ಅವನು ಎಲ್ಲರಿಗೂ ಕೇಳುವ ಹಾಗೆ, ಕಮರಿಪೇಟೆಯ ದನಿಯಲ್ಲಿ ಹೇಳಿದ:

"ನಾನ ಹೇಳಿದೆ ಮಾಸ್ತರ್ರಿಗೆ, ನನ್ನ ಕಾಯಬ್ಯಾಡ್ರಿ, ನೀವು ನಡೀರಿ ಅಂತ. ಕೇಳವಲ್ರಾಗಿದ್ರು. ಜಬರದಸ್ತಿ ಮಾಡಿ ಕಳಿಸೇನಿ."

ಎಲ್ಲರೂ ಅವನನ್ನೂ ಹೊಗಳಿದರು, ನನ್ನನ್ನೂ ಹೊಗಳಿದರು. ಆ ರಾತ್ರಿ ಹೋಳಿಗೆ ಊಟದಲ್ಲಿ ಅವನು ಎರಡೇ ಹೋಳಿಗೆ ತಿಂದ. ನಾನು ನಾಲ್ಕು ತಿಂದೆ.

ಅಲ್ಲಿಂದ ಅವನು ಆ ಕತೆಯನ್ನು ಬಿಡಲಿಲ್ಲ. ಮದುವೆ, ಮುಂಜಿ, ಸೀಮಂತ, ಎಲ್ಲಿ ಸಿಕ್ಕರೂ, ನಮ್ಮ ಮಾಸ್ತರ್ರು ಒಂದೇ ಸಲಕ್ಕೆ ಮುಗಿಸಿದರು ಎಂದು ಸಾರುತ್ತಿದ್ದ. ಮೊದಲಿಗಿಂತ ಹೆಚ್ಚಾಗಿ ನಾನು ಅವನನ್ನು ಕಂಡು ಹೇಸಿದೆ. ಸೋತರೂ ದೊಡ್ಡವನೆನಿಸಿಕೊಳ್ಳುವ ಹಂಚಿಕೆ ಇದು ಎಂದುಕೊಂಡೆ. ಬೈದಿದ್ದರೆ ಕ್ಷಮೆ ಕೇಳುತ್ತಿದ್ದೆ. ಕೇಳುತ್ತಿದ್ದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಅವನು ಬರುವ ಸಮಾರಂಭಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಪದಕವನ್ನು ಹೆಂಡತಿ ಪಡಸಾಲೆಯಲ್ಲಿ ತೂಗುಹಾಕಿದಳು, ಬೇಡವೆನ್ನಲಿಲ್ಲ.

ನಾಲ್ಕನೆಯ ಪ್ರಯತ್ನಕ್ಕೆ ಅವನು ಉಳಿಯಲಿಲ್ಲ. ಮರುವರ್ಷ ಮಳೆ ಹಿಡಿಯುವ ಮೊದಲು, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಗೋಣಿಯ ಗಂಟೊಂದರ ಮೇಲೆ ಕುಳಿತವನು ಏಳಲಿಲ್ಲ. ಐವತ್ತು ತುಂಬಿರಲಿಲ್ಲ. ಸೈಕಲ್ ಗುಂಪಿನವರು ಬಿಳಿ ಬನಿಯನ್ನು ಹಾಕಿಕೊಂಡು ಬಂದು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಹೋದರು. ಅಂದು ಆರಾಮಾಗಿ ಬನ್ನಿ ಎಂದಿದ್ದ ಡಾಕ್ಟರು ನನ್ನ ಕೈ ಹಿಡಿದು, ನಿಮ್ಮಿಬ್ಬರಂಥ ಜೋಡಿ ನಮ್ಮ ಗುಂಪಿನಲ್ಲಿ ಇನ್ನೊಂದಿಲ್ಲ ಎಂದ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಕಮರಿಪೇಟೆಗೆ ಹೋಗಿದ್ದೆವು. ಹೆಂಡತಿ ಅಡುಗೆಮನೆಯಲ್ಲಿದ್ದಳು. ನಾದಿನಿ ನನಗೆ ಚಹಾ ತಂದಿಟ್ಟು ಎದುರಿಗೆ ಕುಳಿತಳು. ಡಾಕ್ಟರನ ಆ ಜೋಡಿಯ ಮಾತು ಇನ್ನೂ ನನ್ನ ಕಿವಿಯಲ್ಲಿತ್ತು. ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದೆ. ಅವನು ಮುಂದೆ ಹೋಗು ಎಂದಿರಲಿಲ್ಲ, ಗಾಳಿ ಹಿಡಿಯಲು ಕರೆದಿದ್ದ, ನಾನು ಬಿಟ್ಟು ಬಂದೆ, ಕೂಗಿದ್ದು ಕೇಳಿಸಿತ್ತು. ಅವಳು ಸೆರಗಿನ ಅಂಚು ನೋಡುತ್ತ ಕೇಳಿದಳು.

"ಗೊತ್ತೈತ್ರಿ ಮಾಮಾ" ಎಂದಳು.

ಸವಾರಿಯ ದಿನ ರಾತ್ರಿ ಊಟವಾಗಿ ನಾವು ಧಾರವಾಡಕ್ಕೆ ಹೊರಟ ಮೇಲೆ ಅವನು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತು ನನ್ನನ್ನು ಒಂದು ತಾಸು ಬೈದನಂತೆ. ಬೈಯುತ್ತ ಬೈಯುತ್ತ ಅತ್ತನಂತೆ. ಏನು ಬೈದ ಎಂದು ಕೇಳಿದೆ. ಎಲ್ಲ ಹೇಳಲಾರೆ ಎಂದು ಅವಳು ಒಂದನ್ನು ಮಾತ್ರ ಹೇಳಿದಳು. "ಉಂಡ ಮನಿ ಗಳಾ ಎಣಸೂ ಮನಷ್ಯಾ ಅಂದ್ರು."

ಕೇಳಿ ನನಗೆ ಒಂದು ಬಗೆಯ ಸಮಾಧಾನವಾಯಿತು. ಅವನು ದೇವರಾಗಿರಲಿಲ್ಲ. ನಾನು ಅವನನ್ನು ತಿಳಿದದ್ದಕ್ಕಿಂತ ಸರಿಯಾಗಿ ಅವನು ನನ್ನನ್ನು ತಿಳಿದಿದ್ದ. ಹಾಗಾದರೆ ಊರ ತುಂಬ ಆ ಸುಳ್ಳು ಯಾಕೆ ಹೇಳಿದ ಎಂದು ಕೇಳಿದೆ. ಅವಳು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು.

"ಅಕ್ಕನ ಸಲುವಾಗಿ. ಮಾಲಿ ಹಾಕಿ ನಿಮ್ಮ ಬಾಜೂಕ ಅಕಿ ನಕ್ಕೊಂತ ನಿಂತಿದ್ಲಲ್ರಿ. ಇಷ್ಟ ವರ್ಷದಾಗ ಅಕಿ ಹಂಗ ನಕ್ಕಿದ್ದು ನಾ ನೋಡೇ ಇಲ್ಲ, ನನ್ನ ಬಾಯಿಂದ ಅದು ಕೆಡೂದು ಬ್ಯಾಡ ಅಂದ್ರು. ನನ್ನ ಕಡಿಂದನೂ ಆಣಿ ತಗೊಂಡ್ರು."

ಅವಳು ನಕ್ಕಿದ್ದಳೇ ಎಂದು ನಾನು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಫೋಟೋ ತೆಗೆಯುವವನ ಕಡೆ ಮುಖ ಮಾಡಿ ನಿಂತಿದ್ದೆ. ನನ್ನ ಹೆಂಡತಿಯ ಮುಖವನ್ನು ಅಂದು ಸರಿಯಾಗಿ ನೋಡಿದವನು ಸೋತು, ಕಾಲು ಕಟ್ಟಿ, ಕಣ್ಣಿಗೆ ಬೆವರಿಳಿದಿದ್ದ ಅವನೊಬ್ಬನೇ.

ಸಂಜೆ ಸ್ಕೂಟರಿನ ಮೇಲೆ ಧಾರವಾಡಕ್ಕೆ ಹೊರಟೆವು. ನವನಗರ ದಾಟಿದೆವು. ಹೆಂಡತಿ ಹಿಂದಿನಿಂದ ಮೆಲ್ಲಗೆ ಹೇಳಿದಳು.

"ಅವರು ಇರೂತನಕ ನೀವು ಅವರ ಜೋಡಿ ಒಂದ ದಿನಾ ಛಲೋ ಮಾತಾಡ್ಲಿಲ್ಲ. ಅದೊಂದ ದಿನಾರ ಕೂಡಿ ಬಂದ್ರಲ್ಲ. ನನಗ ಅಷ್ಟ ಸಾಕ್ರಿ."

ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.